ಗುಂಪಿನ ಗೋವಿಂದನಿಗೆ ಕಂಕಣಬಲ

ವಿಡಿಯೋ ಗೇಮುಗಳ ಲೋಕದಲ್ಲಿ ಎರಡು ಬಗೆಯ ಜನ ಇರುತ್ತಾರೆ. ನಾಯಕನ ಜೊತೆಜೊತೆಗೇ ಓಡಾಡಿ, ಜಗತ್ತನ್ನು ಉಳಿಸಲು ಹೆಗಲು ಕೊಟ್ಟು, ನಡುವೆ ಪುರುಸೊತ್ತಾದಾಗ ಪ್ರೀತಿಯನ್ನೂ ಮಾಡಿ ಮುಗಿಸುವವರು ಒಂದು ಬಗೆ. ಅಂಗಡಿಯ ಗಲ್ಲಾದ ಹಿಂದೆ ನಿಂತವರು, ಬೀದಿಯಲ್ಲಿ ಸುಮ್ಮನೆ ಅತ್ತಿತ್ತ ತಿರುಗುವವರು, ಮಾತಾಡಿಸಿದರೆ ಅದೇ ಎರಡು ಮಾತನ್ನು ನೂರು ಸಲವಾದರೂ ಬೇಸರವಿಲ್ಲದೆ ಒಪ್ಪಿಸುವವರು ಇನ್ನೊಂದು ಬಗೆ. ಮೊದಲಿನವರಿಗೆ ಒಳ್ಳೆಯ ಕಂಠ, ನಾಲ್ಕಾರು ಜೊತೆ ಬಟ್ಟೆ, ಕರುಳು ಹಿಂಡುವ ಪೂರ್ವಕಥೆ. ಎರಡನೆಯವರು ಗುಂಪಿನಲ್ಲಿ ಗೋವಿಂದ. ಅವರಿಗೆ ಒಂದು ಹೆಸರು ಸಿಕ್ಕಿದರೆ ಅದೇ ದೊಡ್ಡದು.

ನನಗೆ ಯಾವತ್ತೂ ಕಣ್ಣು ಹೋಗುವುದು ಈ ಗೋವಿಂದರ ಮೇಲೆ. ರಾಜ ರಾಣಿ ಸಿಂಹಾಸನದಲ್ಲಿ ಕೂತು ಪ್ರೇಮಸಲ್ಲಾಪ ಮಾಡುತ್ತಿದ್ದರೆ, ಪಕ್ಕದಲ್ಲಿ ಈಟಿ ಹಿಡಿದು ನಿಂತವನಿಗೆ ಕಾಲು ನೋಯುತ್ತಿಲ್ಲವೇ, ಅವನ ಮನೆಯಲ್ಲಿ ಅವನಿಗಾಗಿ ಕಾಯುವವರು ಯಾರು ಎಂದೆಲ್ಲ ತಲೆಗೆ ಬರುತ್ತದೆ. ಇಂಥ ಚಪಲ ಇರುವವರು ಪ್ರಪಂಚದಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. ಇಲ್ಲವಂತೆ, ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಸೇರಿ ಹಟ ಹಿಡಿದದ್ದರಿಂದಲೇ ಕೆಲವು ಗೇಮುಗಳಲ್ಲಿ ಈಟಿ ಹಿಡಿದವನಿಗೂ ಮದುವೆಯಾಗಿದೆ.

ನಾನು ಹೇಳಹೊರಟ ವರನ ಹೆಸರು ಶೇನ್. ಅವನ ಊರು ಪೆಲಿಕನ್ ಟೌನ್, ಅದಿರುವುದು ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಗೇಮಿನಲ್ಲಿ. ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಚಿತ್ರ, ಸಂಗೀತ, ಕಥೆ, ಲೆಕ್ಕಾಚಾರ ಎಲ್ಲವನ್ನೂ ತಾನೇ ಮಾಡಿ 2016ರ ಫೆಬ್ರವರಿಯಲ್ಲಿ ಹೊರಬಿಟ್ಟ ಆಟ ಇದು. ದೊಡ್ಡ ಕಂಪನಿಯೊಂದರ ಕಚೇರಿ ಕೆಲಸ ಬಿಟ್ಟು, ಅಜ್ಜ ಬಿಟ್ಟುಹೋದ ಹಾಳುಬಿದ್ದ ಜಮೀನಿಗೆ ಬಂದು ಬೇಸಾಯ ಶುರುಮಾಡುವುದು ನಮ್ಮ ಪಾತ್ರ. ಮಗಳು ರಜೆಗೆ ಬಂದಾಗ ಇದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟು, “ಅಮ್ಮಾ, ಗುಂಡು ಹೊಡೆಯೋದು ಏನೂ ಇಲ್ಲ ಇದರಲ್ಲಿ. ಟೊಮೆಟೊ ಬೆಳಿ, ಊರವರ ಹತ್ರ ಮಾತಾಡು, ಅಷ್ಟೆ” ಎಂದಿದ್ದಳು. ಮದುವೆಯ ವಿಷಯ ಬಾಯಿಬಿಟ್ಟಿರಲಿಲ್ಲ. ಊರಿನಲ್ಲಿ ಮದುವೆಗೆ ಸಿದ್ಧರಿರುವ ಗಂಡು ಆರು, ಹೆಣ್ಣು ಆರು ಇದ್ದಾರೆಂದೂ, ಗಂಡಾಗಲಿ ಹೆಣ್ಣಾಗಲಿ ಯಾರು ಯಾರನ್ನು ಬೇಕಾದರೂ ವರಿಸಬಹುದೆಂದೂ ಆಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ನನ್ನ ಅಕ್ಕನೂ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

ನಮ್ಮ ಅಕ್ಕ ನೆಂಟರಿಷ್ಟರ ವಲಯದಲ್ಲಿ ಸಂಬಂಧ ಕುದುರಿಸುವುದರಲ್ಲಿ ಎತ್ತಿದ ಕೈ. ಪರದೆಯ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಗಂಡುಗಳು ಸುಳಿದಾಡುವುದನ್ನು ನೋಡಿ ಅವಳ ಕೈ ಸುಮ್ಮನಿರಲಿಲ್ಲ. “ಮೀಸೆ ಬಿಟ್ಟಿದ್ದಾನಲ್ಲ, ಅವನು ಯಾರೇ?” ಎಂದಳು. ಅವನು ಡಾಕ್ಟರ್ ಹಾರ್ವಿ, ಊರಿನ ಒಂದೇ ಕ್ಲಿನಿಕ್ಕಿನ ಒಡೆಯ ಎಂದೆ. “ಸ್ವಂತ ಕ್ಲಿನಿಕ್ಕು ಅಂತೀಯ, ಮತ್ತೇನು ಯೋಚನೆ ಮಾಡ್ತಾ ಕೂತಿದ್ದೀಯೇ?” ಸಮುದ್ರದ ದಂಡೆಯ ಗುಡಿಸಲಿನಲ್ಲಿ ಕಾದಂಬರಿ ಬರೆಯುವ ಉದ್ದಗೂದಲಿನ ಎಲಿಯಟ್ ಅವಳ ಮೊದಲ ಸುತ್ತಿನಲ್ಲೇ ಉದುರಿಹೋದ. ಬರೆಯುವವರಿಗೆ ಹೆಣ್ಣು ಕೊಡುವ ವಿಷಯದಲ್ಲಿ ಅಕ್ಕ ಬಹಳ ಕಟ್ಟುನಿಟ್ಟು.

ಆಗ ಅವಳ ಕಣ್ಣಿಗೆ ಶೇನ್ ಬಿದ್ದ. ಗಡ್ಡ ಬೋಳಿಸದ ಮುಖ, ಹರಿದ ಜರ್ಕಿನ್. ಸೋದರತ್ತೆ ಮಾರ್ನಿಯ ಮನೆಯಲ್ಲಿ ಒಂದು ಕೋಣೆ ಹಿಡಿದು ಬಿದ್ದಿರುತ್ತಾನೆ. ಬೆಳಿಗ್ಗೆ ಎದ್ದು ಜೋಜಾಮಾರ್ಟ್ ಎಂಬ ದೊಡ್ಡ ಅಂಗಡಿಗೆ ಹೋಗಿ ಕಪಾಟುಗಳಿಗೆ ಸಾಮಾನು ಜೋಡಿಸುತ್ತಾನೆ. ಸಂಜೆ ಐದರ ಮೇಲೆ ಊರಿನ ಸಲೂನಿಗೆ, ಅಂದರೆ ಹೆಂಡದಂಗಡಿಗೆ ಹೋಗಿ ಒಂದು ಮೂಲೆ ಹಿಡಿದರೆ ರಾತ್ರಿಯೇ ಏಳುವುದು. ಮೊದಲ ಸಲ ಮಾತಾಡಿಸಿದಾಗ, ನಿನ್ನ ಪರಿಚಯವೇ ನನಗಿಲ್ಲ, ನನ್ನನ್ನು ಯಾಕೆ ಮಾತಾಡಿಸುತ್ತೀ ಎಂಬರ್ಥದಲ್ಲಿ ಮುಖಕ್ಕೆ ಹೊಡೆದಂತೆ ಹೇಳಿದ. ಎರಡನೆಯ ಸಲವೂ ಅದೇ ಧಾಟಿ. “ಬಿಡೇ ಅತ್ಲಾಗೆ. ಕುಡಿಯೋನು, ಅತ್ತೆ ಮನೇಲಿ ಇರೋನು, ಮೇಲೆ ಇಷ್ಟು ಜಂಬ ಬೇರೆ!” ಎಂದು ಅಕ್ಕ ಕಾಫಿ ಮಾಡಲು ಎದ್ದುಹೋದಳು.

ನಾನು ಮಾತ್ರ ಸಿಕ್ಕಿಬಿದ್ದದ್ದು ಅಲ್ಲೇ. ಆ ಊರಿನಲ್ಲಿ ಉಳಿದವರೆಲ್ಲ ಹೊಸದಾಗಿ ಬಂದ ರೈತಳನ್ನು ಕಂಡರೆ ಅಷ್ಟೋ ಇಷ್ಟೋ ನಗುತ್ತಾರೆ. ಇವನೊಬ್ಬನಿಗೆ ನಾನು ಬೇಕಾಗಿಯೇ ಇಲ್ಲ. ಗೇಮುಗಳ ಪ್ರಪಂಚದಲ್ಲಿ ಇದು ಸಣ್ಣ ಮಾತಲ್ಲ. ಸೂರ್ಯ ಹುಟ್ಟುವುದೂ ಆಡುವವರ ಅನುಕೂಲಕ್ಕೆ, ಮಳೆ ಬರುವುದೂ ಆಡುವವರ ಬೆಳೆಗೆ, ಪಾತ್ರಗಳು ಬಾಯಿ ತೆರೆಯುವುದೂ ಆಡುವವರು ಗುಂಡಿ ಒತ್ತಿದ ಮೇಲೆ. ಅಂಥಲ್ಲಿ ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಕೆಲಸಕ್ಕೆ ಹೋಗಿ, ತನ್ನ ಪಾಡಿಗೆ ತಾನು ಕುಡಿದು, ನಿನ್ನ ಕೆಲಸ ನೀನು ನೋಡಿಕೋ ಎಂದರೆ, ಇವನಿಗೆ ನಾವಿಲ್ಲದೆಯೂ ಒಂದು ಬದುಕು ಇದೆ ಎಂಬ ಅನುಮಾನ ಹುಟ್ಟುತ್ತದೆ. ಪ್ರೀತಿಗೆ ಅಷ್ಟು ಅನುಮಾನ ಸಾಕು.

ಈ ಊರಿನ ಪ್ರೀತಿಯ ಲೆಕ್ಕಪುಸ್ತಕ ನೋಡಿದರೆ ಯಾರಿಗಾದರೂ ನಗು ಬರುತ್ತದೆ. ದಿನಕ್ಕೊಮ್ಮೆ ಮಾತಾಡಿಸಿದರೆ 20 ಅಂಕ. ವಾರಕ್ಕೆ ಎರಡೇ ಉಡುಗೊರೆ ಕೊಡಬಹುದು. ತುಂಬ ಇಷ್ಟವಾದದ್ದನ್ನು ಕೊಟ್ಟರೆ 80 ಅಂಕ, ಹೇಸಿಗೆ ಪಡುವುದನ್ನು ಕೊಟ್ಟರೆ ಇದ್ದುದರಲ್ಲಿ 40 ಖೋತಾ. ಮಾತಾಡಿಸದೆ ಬಿಟ್ಟರೆ ದಿನಕ್ಕೆ ಎರಡೆರಡು ಅಂಕ ಸವೆಯುತ್ತದೆ. 250 ಅಂಕಕ್ಕೆ ಒಂದು ಹೃದಯ. ಎಂಟು ಹೃದಯ ತುಂಬಿದ ಮೇಲೆ ಪಿಯರ್ ಶೆಟ್ಟರ ಅಂಗಡಿಯಿಂದ (ಶೆಟ್ಟರು ಎಂಬುದು ನಾನು ಸೇರಿಸಿದ್ದು) ಇನ್ನೂರು ನಾಣ್ಯದ ಹೂಗುಚ್ಛ ತಂದುಕೊಟ್ಟರೆ ಪ್ರೇಮ. ಹತ್ತು ತುಂಬಿದ ಮೇಲೆ, ಮಳೆ ಬರುವ ದಿನ ಸಮುದ್ರತೀರದಲ್ಲಿ ಪ್ರತ್ಯಕ್ಷನಾಗುವ ಮುದಿ ನಾವಿಕನಿಂದ ಐದು ಸಾವಿರ ನಾಣ್ಯಕ್ಕೆ ಪದಕ ಕೊಂಡು ಕೊಟ್ಟರೆ ಮದುವೆ. ಒಂದು ದಿನವೂ ತಪ್ಪಿಸದೆ ನಡೆದುಕೊಂಡರೆ ಎಂಟು ಹೃದಯಕ್ಕೆ ಸುಮಾರು ಏಳು ವಾರ ಸಾಕು. ಅಲ್ಲಿನ ಒಂದು ದಿನ ನಮ್ಮ ಕಾಲು ಗಂಟೆಗಿಂತ ಕಡಿಮೆ. ಜಾತಕ ತರಿಸಿ, ಕೂಟ ನೋಡಿ, ಛತ್ರ ಹುಡುಕುವಷ್ಟರಲ್ಲಿ ಇಲ್ಲಿ ಎರಡು ಮಕ್ಕಳಾಗಿರುತ್ತವೆ.

ಇದರಲ್ಲಿ ಒಂದು ಧರ್ಮಸಂಕಟವೂ ಇದೆ. ಶೇನ್‌ಗೆ ತುಂಬ ಇಷ್ಟವಾದ ವಸ್ತುಗಳಲ್ಲಿ ಮೊದಲನೆಯದು ಬಿಯರ್. ಅಂದರೆ ಕುಡಿತದಿಂದ ಮನೆಮುರಿದುಕೊಂಡವನ ಮನಸ್ಸು ಗೆಲ್ಲುವ ಅತಿ ಹತ್ತಿರದ ದಾರಿ ಅವನಿಗೆ ಇನ್ನೂ ಕುಡಿಸುವುದು! ಗೇಮು ಇದನ್ನು ತಪ್ಪೆಂದೂ ಹೇಳುವುದಿಲ್ಲ, ಸರಿಯೆಂದೂ ಹೇಳುವುದಿಲ್ಲ, ಸುಮ್ಮನೆ 80 ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತದೆ. ನನ್ನ ಪುಣ್ಯಕ್ಕೆ ಪಟ್ಟಿಯಲ್ಲಿ ಖಾರದ ಮೆಣಸಿನಕಾಯಿಯೂ ಇತ್ತು. ಬೇಸಿಗೆಯಲ್ಲಿ ನೆಟ್ಟರೆ ಐದೇ ದಿನಕ್ಕೆ ಫಲಕ್ಕೆ ಬಂದು, ಆಮೇಲೆ ಮೂರು ಮೂರು ದಿನಕ್ಕೆ ಬಿಡುತ್ತದೆ. ಅರ್ಧ ಹೊಲಕ್ಕೆ ಅದನ್ನೇ ಹಾಕಿದೆ. ಹಸಿ ಮೆಣಸಿನಕಾಯಿ ಕೈಗಿಟ್ಟರೆ ಕರಗಿ ನೀರಾಗುವ ಗಂಡು ಹಾವೇರಿ ಜಿಲ್ಲೆಯಲ್ಲೂ ಸಿಗಲಾರ.

ಅಂಕ ಕೂಡಿದಂತೆ ಸಣ್ಣ ಸಣ್ಣ ಪ್ರಸಂಗಗಳು ತೆರೆದುಕೊಳ್ಳುತ್ತವೆ. ಶೇನ್ ನನ್ನನ್ನು ಗೆದ್ದದ್ದು ಅಲ್ಲಿ, ಅಂಕದಲ್ಲಲ್ಲ. ಎರಡು ಹೃದಯವಾದ ಮೇಲೆ ಒಂದು ರಾತ್ರಿ ಕೆರೆಯ ಕಟ್ಟಿಗೆಯ ಅಟ್ಟಣೆಯ ಮೇಲೆ ಕೂತಿರುತ್ತಾನೆ. ಪಕ್ಕದಲ್ಲಿ ಕೂತರೆ ಒಂದು ಬಿಯರು ಚಾಚಿ, ಗುಂಡಿಯೊಳಗೆ ಬಿದ್ದಂತಾಗಿದೆ, ಹತ್ತಿ ಬರುವಷ್ಟು ಕಸುವಿಲ್ಲ ಎಂಬಂತೆ ಏನೋ ಹೇಳುತ್ತಾನೆ. ಪ್ರೀತಿಯ ಸುಳಿವೂ ಇಲ್ಲ. ನಾಲ್ಕು ಹೃದಯದಲ್ಲಿ ಅತ್ತೆಯ ಮನೆಗೆ ಹೋದರೆ, ಅವನು ಕೋಣೆಯ ನೆಲದ ಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದಾನೆ. ರೈತಳ ಕೈಯಲ್ಲಿ ಗಿಡಕ್ಕೆ ನೀರು ಹಾಕುವ ಕ್ಯಾನು ಇರುತ್ತದಲ್ಲ, ಅದರಿಂದಲೇ ಮುಖಕ್ಕೆ ನೀರು ಹೊಯ್ದು ಎಬ್ಬಿಸಬೇಕು. ಎದ್ದವನನ್ನು ಅತ್ತೆ ಕೇಳುತ್ತಾಳೆ, ಮುಂದೆ ಏನು ಮಾಡಬೇಕೆಂದಿದ್ದೀಯಪ್ಪ ಎಂದು. ಮುಂದಿನದನ್ನು ಯೋಚಿಸುವಷ್ಟು ದಿನ ಬದುಕಿರದಿದ್ದರೆ ಸಾಕು ಎಂಬರ್ಥದ ಉತ್ತರ ಕೊಡುತ್ತಾನೆ. ಬಾಗಿಲಲ್ಲಿ ಜ್ಯಾಸ್ ಎಂಬ ಪುಟ್ಟ ಹುಡುಗಿ ಅದನ್ನು ಕೇಳಿಸಿಕೊಂಡು ಅಳುತ್ತ ಓಡಿಹೋಗುತ್ತಾಳೆ. ಅಪ್ಪ ಅಮ್ಮ ಇಲ್ಲದ ಆ ಹುಡುಗಿಗೆ ಧರ್ಮಪಿತನ ಸ್ಥಾನದಲ್ಲಿ ಇರುವವನು ಇವನೇ.

ಅಕ್ಕ ಕಾಫಿ ಲೋಟ ಹಿಡಿದು ಹಿಂದೆಯೇ ನಿಂತಿದ್ದಳು. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ “ಆ ಮಗು ಎಲ್ಲಿಗೆ ಹೋಯ್ತು, ನೋಡು” ಎಂದಳು.

ಆರು ಹೃದಯಕ್ಕೆ, ಮಳೆ ಬರುವ ದಿನ, ಬಂಡೆಯ ಅಂಚಿನಲ್ಲಿ ಖಾಲಿ ಡಬ್ಬಿಗಳ ನಡುವೆ ಅವನು ಬಿದ್ದಿರುವ ಪ್ರಸಂಗ ಬರುತ್ತದೆ. ಅದನ್ನು ಇಲ್ಲಿ ವಿವರಿಸುವುದಿಲ್ಲ, ಆಡುವವರು ಆಡಿಯೇ ನೋಡಲಿ. ಅಲ್ಲಿಂದ ಅವನನ್ನು ಕರೆದುಕೊಂಡು ಹೋಗುವುದು ಅಕ್ಕ ಮೆಚ್ಚಿದ ಡಾಕ್ಟರ್ ಹಾರ್ವಿಯ ಕ್ಲಿನಿಕ್ಕಿಗೇ. ಮೈಗೆ ಏನೂ ಆಗಿಲ್ಲ, ಆದರೆ ಮನಸ್ಸಿನ ವಿಷಯಕ್ಕೆ ದೊಡ್ಡ ಊರಿನ ಕೌನ್ಸೆಲರ್ ಹತ್ತಿರ ಕಳಿಸುತ್ತೇನೆ ಎನ್ನುತ್ತಾನೆ ಡಾಕ್ಟರು. ಗಮನಿಸಿ, ರೈತಳ ಪ್ರೀತಿಯಿಂದ ಕಾಯಿಲೆ ವಾಸಿಯಾಯಿತು ಎಂದು ಗೇಮು ಹೇಳುವುದಿಲ್ಲ. ನಮ್ಮ ಎಷ್ಟೋ ಸಿನಿಮಾಗಳಲ್ಲಿ ಕುಡುಕ ನಾಯಕನನ್ನು ನಾಯಕಿ ಒಂದು ಹಾಡು ಮುಗಿಯುವಷ್ಟರಲ್ಲಿ ಸರಿಮಾಡಿಬಿಡುತ್ತಾಳೆ. ಇಲ್ಲಿ ರೈತಳ ಕೆಲಸ ಕ್ಲಿನಿಕ್ಕಿನ ತನಕ ಜೊತೆಗೆ ಹೋಗುವುದು. ಅಷ್ಟೇ ಇರುವುದರಿಂದಲೇ ಮುಂದೆ ಅವನು ಮನೆಬಾಗಿಲಿಗೆ ಬಂದು ಕ್ಷಮೆ ಕೇಳುವಾಗ ನಂಬಿಕೆ ಬರುತ್ತದೆ.

ಇನ್ನು ಕೋಳಿಗಳ ಮಾತು. ಶೇನ್‌ಗೆ ಕೋಳಿಗಳೆಂದರೆ ಪ್ರಾಣ. ಮನುಷ್ಯರ ಹತ್ತಿರ ನೆಟ್ಟಗೆ ಒಂದು ಮಾತಾಡದವನು ಚಾರ್ಲಿ ಎಂಬ ಕೋಳಿಯ ಹತ್ತಿರ ಕರಗಿಹೋಗುತ್ತಾನೆ. ಎಂಟು ಹೃದಯದ ಪ್ರಸಂಗ ನೋಡಿದವರ ಕೊಟ್ಟಿಗೆಯಲ್ಲಿ ಮಾತ್ರ ಆಮೇಲೆ ನೀಲಿ ಬಣ್ಣದ ಕೋಳಿ ಮರಿಗಳು ಹುಟ್ಟುತ್ತವೆ, ಅದೂ ನಾಲ್ಕರಲ್ಲಿ ಒಂದರಂತೆ. ಉಂಗುರಕ್ಕಿಂತ ಇದು ಎಷ್ಟೋ ಮೇಲು ಎಂದು ನನಗನ್ನಿಸಿತು. ಒಬ್ಬ ಮನುಷ್ಯ ತನ್ನ ಪ್ರೀತಿಯ ಹುಚ್ಚನ್ನು ನಮ್ಮ ಮನೆಗೂ ಹಬ್ಬಿಸಿದ ಮೇಲೆ ಅವನನ್ನು ಹೊರಗಿನವನೆನ್ನುವುದು ಹೇಗೆ?

ಇಷ್ಟೆಲ್ಲ ಇರುವ ಶೇನ್ ಗೇಮು ಮೊದಲು ಬಂದಾಗ ಮದುವೆಯ ಪಟ್ಟಿಯಲ್ಲೇ ಇರಲಿಲ್ಲ! ಆಗ ಪಟ್ಟಿಯಲ್ಲಿದ್ದದ್ದು ಐದು ಗಂಡು, ಐದು ಹೆಣ್ಣು. ಶೇನ್ ಊರಿನ ಜನಸಂಖ್ಯೆಗೆ ಸೇರಿದ ಒಂದು ತಲೆ, ಸಲೂನಿನ ಮೂಲೆ ತುಂಬಲು ಬೇಕಾದ ಒಬ್ಬ ಕುಡುಕ. ಆದರೆ ಆಡುವವರು ಬಿಡಲಿಲ್ಲ. ಡಾಕ್ಟರು, ಲೇಖಕರು, ಗಿಟಾರಿನವರು ಎಲ್ಲ ಸಾಲಾಗಿ ನಿಂತಿದ್ದರೂ, ನಮಗೆ ಆ ಮೂಲೆಯವನೇ ಬೇಕು ಎಂದರು. 2016ರ ಅಕ್ಟೋಬರಿನಲ್ಲಿ ಬಂದ 1.1 ಅಪ್‌ಡೇಟಿನಲ್ಲಿ ಶೇನ್ ಮತ್ತು ಸಲೂನಿನಲ್ಲಿ ಕೆಲಸ ಮಾಡುವ ಎಮಿಲಿ ಇಬ್ಬರಿಗೂ ಕಂಕಣಬಲ ಕೂಡಿಬಂತು. ಆಡುವವರು ಮೊದಲು ಬಿದ್ದರು, ಮಾಡಿದವರು ಆಮೇಲೆ ಎದ್ದರು.

ಇದು ಈ ಒಂದೇ ಊರಿನ ಕಥೆಯಲ್ಲ. ಇದಕ್ಕೂ ಮೊದಲಿನ, ಇದಕ್ಕಿಂತ ಹೆಸರುವಾಸಿಯಾದ ಪ್ರಕರಣ ಆಕಾಶದಲ್ಲಿ ನಡೆದಿದೆ. 2007ರಲ್ಲಿ ಬಯೋವೇರ್ ಕಂಪನಿಯ ‘ಮಾಸ್ ಎಫೆಕ್ಟ್’ ಬಂತು. ಕಮಾಂಡರ್ ಶೆಪರ್ಡ್ ಎಂಬ ಸೇನಾಧಿಕಾರಿ ಗಗನನೌಕೆಯಲ್ಲಿ ನಕ್ಷತ್ರಲೋಕ ಸುತ್ತುವ ಕಥೆ. ಅದರಲ್ಲಿ ಗ್ಯಾರಸ್ ಎಂಬ ಪೊಲೀಸ್ ಅಧಿಕಾರಿಯೊಬ್ಬನಿದ್ದಾನೆ. ಮನುಷ್ಯನಲ್ಲ, ಟ್ಯೂರಿಯನ್ ಎಂಬ ಜಾತಿ. ಮುಖ ತುಂಬ ಲೋಹದ ತಗಡು ಬಡಿದಂಥ ಚರ್ಮ, ಬಾಯಿಯ ಎರಡು ಕಡೆ ಮಾತಾಡುವಾಗ ಅಲುಗುವ ದವಡೆಯ ರೆಕ್ಕೆಗಳು. ಮೊದಲ ಸಲ ಅವನನ್ನು ಕಾಣುವಾಗ ಮೇಲಧಿಕಾರಿಯ ಎದುರು ನಿಂತು, ತನಿಖೆಗೆ ಇನ್ನೂ ಸ್ವಲ್ಪ ಸಮಯ ಕೊಡಿ ಎಂದು ಗೋಗರೆಯುತ್ತಿರುತ್ತಾನೆ. ಯಾವ ಇಲಾಖೆಯಲ್ಲಿ ಕಂಡಿಲ್ಲ ಈ ದೃಶ್ಯ! ಅವನನ್ನು ತಂಡಕ್ಕೆ ಸೇರಿಸಿಕೊಳ್ಳದೆಯೇ ಆ ಗೇಮನ್ನು ಮುಗಿಸಬಹುದು, ಅಷ್ಟು ಬಿಡಬಹುದಾದ ಪಾತ್ರ. ಪ್ರೀತಿಸಲೆಂದು ಕಂಪನಿ ಬೇರೆ ಮೂವರನ್ನು ಇಟ್ಟಿತ್ತು, ನೋಡಲು ಲಕ್ಷಣವಾಗಿಯೇ ಇದ್ದರು.

ಆಡಿದವರಲ್ಲಿ ಬಹಳ ಜನ ಮನಸ್ಸು ಕೊಟ್ಟದ್ದು ಈ ತಗಡು ಮುಖದವನಿಗೆ. ಕಾರಣ ಹುಡುಕಿದರೆ ಅದೇ ಹಳೆಯದು: ಅವನಿಗೆ ಅವನದೇ ಕೆಲಸವಿದೆ, ಅವನದೇ ಸಿಟ್ಟಿದೆ. 2010ರಲ್ಲಿ ಎರಡನೆಯ ಭಾಗ ಬಂದಾಗ ಕಂಪನಿ ಬಗ್ಗಿತು. ಹೆಣ್ಣು ಶೆಪರ್ಡ್ ಆಗಿ ಆಡುವವರು ಗ್ಯಾರಸ್‌ನನ್ನು ಒಲಿಸಿಕೊಳ್ಳಬಹುದೆಂದಾಯಿತು. ಬಗ್ಗಿದ ರೀತಿ ಮಾತ್ರ ಮೆಚ್ಚಬೇಕಾದದ್ದು. ಅವನ ಚರ್ಮವನ್ನು ನುಣುಪು ಮಾಡಲಿಲ್ಲ, ಬದಲಿಗೆ ಆರಂಭದಲ್ಲೇ ಸ್ಫೋಟವೊಂದಕ್ಕೆ ಸಿಕ್ಕಿಸಿ ಅರ್ಧ ಮುಖವನ್ನು ಇನ್ನಷ್ಟು ಕೆಡಿಸಿದರು. ಪೊಲೀಸ್ ಕೆಲಸ ಬಿಟ್ಟು ಒಬ್ಬಂಟಿಯಾಗಿ ಪುಂಡರ ಮೇಲೆ ಬಿದ್ದಿದ್ದಾನೆ, ಜೊತೆಗಿದ್ದ ತಂಡವನ್ನು ಒಬ್ಬನ ದ್ರೋಹದಿಂದ ಕಳೆದುಕೊಂಡಿದ್ದಾನೆ. ನೌಕೆಗೆ ಬಂದ ಮೇಲೆ ಫಿರಂಗಿಯ ಕೋಣೆ ಹಿಡಿದವನು ಮಾತಾಡಿಸಲು ಹೋದಾಗಲೆಲ್ಲ, ಫಿರಂಗಿಯ ಗುರಿ ಹೊಂದಿಸುವುದು ಅರ್ಧಕ್ಕೆ ನಿಂತಿದೆ, ಆಮೇಲೆ ಬರುತ್ತೀಯಾ ಎಂದು ಸಾಗಹಾಕುತ್ತಾನೆ. ಬರೆಯಲು ಮಾತು ಮುಗಿದಾಗ ಯಾವ ಪಾತ್ರವೂ ಹೇಳುವ ನೆಪ ಇದು. ಆಡುವವರು ಮಾತ್ರ ಅದನ್ನು ಅವನ ಸ್ವಭಾವವೆಂದೇ ಹಿಡಿದರು. ಪ್ರೀತಿಯ ರಾತ್ರಿ ಅವನು ಬರುವುದೂ ಗಾಬರಿಯಲ್ಲೇ. ಕೈಯಲ್ಲೊಂದು ವೈನ್ ಬಾಟಲಿ, ಹಾಡು ಹಾಕಬೇಕೆಂದು ಯಾರೋ ಹೇಳಿಕೊಟ್ಟಂತೆ ಒಂದು ಹಾಡು, ಏನು ಮಾತಾಡಬೇಕೆಂದು ತಿಳಿಯದ ತಡವರಿಕೆ. ನಾಯಕರು ತಡವರಿಸುವುದಿಲ್ಲ. ಇವನು ನಾಯಕನಾಗಲು ತಯಾರಾಗದೆಯೇ ಆ ಜಾಗಕ್ಕೆ ಬಂದವನು, ಅದಕ್ಕೇ ತಡವರಿಕೆ ಅವನಿಗೆ ಒಪ್ಪುತ್ತದೆ.

ಇನ್ನೊಂದು ತಮಾಷೆ, ಟ್ಯೂರಿಯನ್ನರ ಶರೀರಕ್ಕೆ ನಮ್ಮ ಆಹಾರ ಹಿಡಿಸುವುದಿಲ್ಲ, ಅವರ ಪ್ರೋಟೀನಿನ ರಚನೆಯೇ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ನೌಕೆಯ ವಿಜ್ಞಾನಿ ಮಾರ್ಡಿನ್ ಶೆಪರ್ಡ್‌ಗೆ ಗಂಭೀರವಾಗಿ ಅಲರ್ಜಿಯ ಎಚ್ಚರಿಕೆ ಕೊಡುತ್ತಾನೆ. ಇದನ್ನು ಮಗಳು ಹೇಳಿದಾಗ ಅಕ್ಕ ಒಪ್ಪಿಕೊಂಡಳು, “ಊಟ ತಿಂಡಿ ಹೊಂದೋದು ಮುಖ್ಯ ಕಣೇ, ಮಿಕ್ಕಿದ್ದೆಲ್ಲ ಹೇಗೋ ಆಗತ್ತೆ.”

ಅದೇ ನೌಕೆಯಲ್ಲಿ ಟಾಲಿ ಎಂಬ ಹುಡುಗಿಯಿದ್ದಾಳೆ. ಅವಳ ಜನಾಂಗಕ್ಕೆ ರೋಗನಿರೋಧಕ ಶಕ್ತಿ ಕಡಿಮೆ, ಹಾಗಾಗಿ ಯಾವಾಗಲೂ ಮೈಮುಚ್ಚುವ ಕವಚ, ಮುಖಕ್ಕೆ ಬಣ್ಣದ ಗಾಜು. ಎರಡನೆಯ ಭಾಗದಲ್ಲಿ ಅವಳನ್ನೂ ಗಂಡು ಶೆಪರ್ಡ್ ಪ್ರೀತಿಸಬಹುದೆಂದಾಯಿತು. ಜಗತ್ತಿನ ಎಷ್ಟೋ ಜನ ಮುಖವನ್ನೇ ಕಾಣದೆ ಅವಳಿಗೆ ಸೋತರು. ಧ್ವನಿ, ತಲೆ ಓರೆ ಮಾಡುವ ರೀತಿ, ಗಾಬರಿಯಾದಾಗ ಕೈ ಕೈ ಹೊಸೆಯುವುದು, ಇಷ್ಟೇ ಬಂಡವಾಳ. ಅವಳು ಪ್ರಿಯಕರನ ಎದುರು ಮುಖದ ಗಾಜು ತೆಗೆದಾಗಲೂ ಕ್ಯಾಮೆರಾ ಹಿಂದೆಯೇ ನಿಂತಿತು. 2012ರ ಮೂರನೆಯ ಭಾಗದಲ್ಲಿ ಯಾರಿಗೆ ಏನು ಹೊಳೆಯಿತೋ, ಅವಳ ಮುಖದ ಫೋಟೋ ಒಂದನ್ನು ಶೆಪರ್ಡ್ ಕೋಣೆಯಲ್ಲಿ ಇಟ್ಟುಬಿಟ್ಟರು. ದುಡ್ಡಿಗೆ ಸಿಗುವ ಯಾವುದೋ ಮಾಡೆಲ್ ಫೋಟೋವನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಮಾಡಿದ್ದು ಅದು ಎಂದು ಅಭಿಮಾನಿಗಳು ಕಂಡುಹಿಡಿದು ರಂಪ ಮಾಡಿದರು. 2021ರಲ್ಲಿ ಮೂರೂ ಭಾಗಗಳನ್ನು ಹೊಸದಾಗಿ ಹೊರತಂದಾಗ ಕಂಪನಿ ಆ ಫೋಟೋ ಬದಲಿಸಿತು. ನನ್ನ ಅಭಿಪ್ರಾಯ ಕೇಳಿದರೆ ಬದಲಿಸುವ ಬದಲು ತೆಗೆದೇಹಾಕಬೇಕಿತ್ತು. ಐದು ವರ್ಷ ಆಡಿದವರು ತಮ್ಮ ತಮ್ಮ ಮನಸ್ಸಿನಲ್ಲಿ ಬಿಡಿಸಿಕೊಂಡ ಮುಖಕ್ಕೆ ಸಮನಾದ ಚಿತ್ರ ಬರೆಯುವ ಕಲಾವಿದ ಎಲ್ಲಿದ್ದಾನೆ?

ಸಣ್ಣ ಪಾತ್ರದ ಗುಟ್ಟು ಸ್ವಲ್ಪ ಇಲ್ಲಿಯೇ ಇದೆ ಎಂದು ಕಾಣುತ್ತದೆ. ದೊಡ್ಡ ಪಾತ್ರವನ್ನು ನಮಗೆ ತೋರಿಸುತ್ತಾರೆ. ಬೆಳಕು ಬಿಟ್ಟು, ಸಂಗೀತ ಹಾಕಿ, ಇವನನ್ನು ಪ್ರೀತಿಸಿ ಎಂದು ಕೈಹಿಡಿದು ಎಳೆದುಕೊಂಡು ಹೋಗುತ್ತಾರೆ. ಸಣ್ಣ ಪಾತ್ರವನ್ನು ನಾವು ನೋಡಿಬಿಟ್ಟಿರುತ್ತೇವೆ. ಬೇರೆ ಯಾರೂ ಗಮನಿಸಲಿಲ್ಲ, ನಾನು ಗಮನಿಸಿದೆ ಎಂಬ ಹೆಮ್ಮೆ ಅದರಲ್ಲಿ ಅರ್ಧ. ಅದೇ ಹೆಮ್ಮೆ ಲಕ್ಷಾಂತರ ಜನರಿಗೆ ಒಟ್ಟಿಗೇ ಇರುತ್ತದೆಂಬುದು ಬೇರೆ ಮಾತು. ಮಾಡುವವರು ಜಾಣರಾದರೆ ಆ ಹೆಮ್ಮೆಗೆ ಪೆಟ್ಟು ಬೀಳದಂತೆ ನೋಡಿಕೊಳ್ಳುತ್ತಾರೆ. ಪಾತ್ರಕ್ಕೆ ಹೊಸ ಗುಣ ಹೊಲಿದು ಸೇರಿಸುವುದಿಲ್ಲ, ಇದ್ದ ಗುಣವನ್ನೇ ಸ್ವಲ್ಪ ಹತ್ತಿರದಿಂದ ತೋರಿಸುತ್ತಾರೆ. ಶೇನ್ ಕುಡುಕನಾಗಿಯೇ ಇದ್ದ, ಗ್ಯಾರಸ್ ಫಿರಂಗಿ ಬಿಡಲಿಲ್ಲ.

ಅದೇ ಬಯೋವೇರ್‌ನ ‘ಡ್ರ್ಯಾಗನ್ ಏಜ್’ನಲ್ಲಿ ಕಲನ್ ಎಂಬವನು ಇನ್ನೂ ನಿಧಾನವಾಗಿ ಮೇಲೆ ಬಂದ. 2009ರಲ್ಲಿ ಮಾಂತ್ರಿಕರ ಗೋಪುರ ಕಾಯುವ ಎಳೆ ಸೈನಿಕ. ನಾವು ಮಾಂತ್ರಿಕ ಹುಡುಗಿಯಾಗಿ ಆಡುತ್ತಿದ್ದರೆ ಎದುರು ನಿಂತು ತೊದಲುತ್ತಾನೆ, ಅಷ್ಟೇ ಅವನ ಶೃಂಗಾರ. ಆಮೇಲೆ ಆ ಗೋಪುರದಲ್ಲೇ ಚಿತ್ರಹಿಂಸೆಗೆ ಸಿಕ್ಕಿ ಕಹಿಯಾಗುತ್ತಾನೆ. 2011ರ ಭಾಗದಲ್ಲಿ ಮಾಂತ್ರಿಕರನ್ನು ಮನುಷ್ಯರಂತೆ ಕಾಣದ ಕಟು ಅಧಿಕಾರಿ. 2014ಕ್ಕೆ ಬಂದಾಗ ಸೇನಾಪತಿ, ತನ್ನ ದಳದವರನ್ನು ಹಿಡಿದಿಡುವ ಲಿರಿಯಂ ಎಂಬ ಮದ್ದಿನ ಚಟವನ್ನು ಬಿಡಲು ಒದ್ದಾಡುತ್ತಿರುವವನು. ನಾವು ಬಾಗಿಲು ತೆರೆಯುವ ಹೊತ್ತಿಗೆ ಆ ಮದ್ದಿನ ಪೆಟ್ಟಿಗೆಯನ್ನು ಸಿಟ್ಟಿನಿಂದ ಎಸೆದು, ಅದು ನಮಗೇ ತಗುಲುವಂತಾಗಿ, ಪೇಚಾಡುತ್ತಾನೆ. ತೊದಲುವ ಹುಡುಗನಿಂದ ಈ ಮನುಷ್ಯನಿಗೆ ನಮ್ಮ ಲೋಕದಲ್ಲಿ ಐದು ವರ್ಷ ಹಿಡಿದಿದೆ, ಗೇಮಿನ ಲೋಕದಲ್ಲಿ ಹತ್ತಕ್ಕೂ ಹೆಚ್ಚು. ಅಷ್ಟು ವರ್ಷ ಕಾಯಿಸಿದವನನ್ನು ಯಾರೂ ಸುಲಭದ ತುತ್ತು ಎನ್ನುವುದಿಲ್ಲ. ಮಾಂತ್ರಿಕರ ಬಗ್ಗೆ ಅವನಾಡಿದ ಮಾತನ್ನು ಮರೆಯದವರೂ ಇದ್ದಾರೆ, ಅವರ ಸಿಟ್ಟೂ ನ್ಯಾಯವಾದದ್ದೇ. ಇಷ್ಟಾಗಿಯೂ ಅವನು ಒಲಿಯುವುದು ಮನುಷ್ಯ ಮತ್ತು ಎಲ್ಫ್ ಕುಲದ ಹೆಣ್ಣುಗಳಿಗೆ ಮಾತ್ರ, ಕುಳ್ಳರ ಕುಲದ ಹೆಣ್ಣು ಎಷ್ಟೇ ಬಯಸಿದರೂ ಇಲ್ಲ. ಗೋತ್ರ ನೋಡುವುದು ಆ ಲೋಕವನ್ನೂ ಬಿಟ್ಟಿಲ್ಲ ನೋಡಿ.

ಆಡುವವರು ಬೇಡಿದ್ದೆಲ್ಲ ಚೆನ್ನಾಗಿಯೇ ಫಲಿಸುತ್ತದೆಂದು ಹೇಳಿದರೆ ಸುಳ್ಳಾದೀತು. ‘ಬಾಲ್ಡರ್ಸ್ ಗೇಟ್ 3’ರಲ್ಲಿ ಹಾಲ್ಸಿನ್ ಎಂಬ ವನಸಾಧಕನಿದ್ದಾನೆ, ಕರಡಿಯ ರೂಪ ತಾಳಬಲ್ಲವನು. 2020ರಲ್ಲಿ ಗೇಮಿನ ಮೊದಲ ಭಾಗವನ್ನು ಮುಂಚಿತವಾಗಿ ಆಡಲು ಬಿಟ್ಟಾಗ ಅವನು ಶತ್ರುಗಳ ಪಂಜರದಿಂದ ಬಿಡಿಸಬೇಕಾದ ಒಬ್ಬ ಬಂದಿ ಅಷ್ಟೇ. ಆಡಿದವರು ಮರುಳಾಗಿ ಇವನು ಬೇಕೇ ಬೇಕು ಎಂದರು, 2023ರ ಪೂರ್ತಿ ಗೇಮಿನಲ್ಲಿ ಸಿಕ್ಕಿದ. ಶಿವಪೂಜೆಯಲ್ಲಿ ಕರಡಿ ಬಿಟ್ಟರು ಎನ್ನುತ್ತೇವೆ, ಇವರು ಶೃಂಗಾರದಲ್ಲೇ ಬಿಟ್ಟರು. ಉತ್ಪ್ರೇಕ್ಷೆಯಲ್ಲ, ಆ ಪ್ರಣಯದೃಶ್ಯದಲ್ಲಿ ಅವನು ನಿಜವಾಗಿಯೂ ಕರಡಿಯಾಗುತ್ತಾನೆ, ಬಿಡುಗಡೆಗೆ ಮೊದಲು ಅದನ್ನು ತೋರಿಸಿದಾಗ ಎಲ್ಲೆಲ್ಲೂ ಅದೇ ಸುದ್ದಿ. ಸುದ್ದಿ ದೊಡ್ಡದಾಯಿತು, ಪ್ರೀತಿ ನನಗೆ ತಟ್ಟಲಿಲ್ಲ. ಉಳಿದ ಸಂಗಾತಿಗಳು ಮೊದಲಿನಿಂದ ಜೊತೆಗೆ ನಡೆದು, ಜಗಳವಾಡಿ, ಗಾಯಗೊಂಡು ಬಂದವರು. ಇವನು ತಂಡಕ್ಕೆ ಸೇರುವುದೇ ಅರ್ಧ ಕಥೆ ಕಳೆದ ಮೇಲೆ, ಒಲಿಯುವುದು ಕಥೆ ಗಂಟುಮೂಟೆ ಕಟ್ಟುವ ಹೊತ್ತಿಗೆ. ಒಳ್ಳೆಯವನು, ಶಾಂತ, ಎಲ್ಲದಕ್ಕೂ ಒಪ್ಪುವವನು. ಎಲ್ಲದಕ್ಕೂ ಒಪ್ಪುವವನಲ್ಲಿ ಹಿಡಿಯಲು ಏನಿರುತ್ತದೆ?

ಇದಕ್ಕೆ ವಿರುದ್ಧವಾದ ಪರಮಾವಧಿ ಮತ್ತೆ ‘ಮಾಸ್ ಎಫೆಕ್ಟ್’ನಲ್ಲಿಯೇ ಇದೆ. ಮೂರನೆಯ ಭಾಗದಲ್ಲಿ ನೀವು ಗ್ಯಾರಸ್‌ನನ್ನೂ ಪ್ರೀತಿಸಲಿಲ್ಲ, ಟಾಲಿಯನ್ನೂ ಪ್ರೀತಿಸಲಿಲ್ಲ ಎನ್ನಿ. ಕಥೆ ಮುಗಿಯುವ ಹೊತ್ತಿಗೆ ಫಿರಂಗಿಯ ಕೋಣೆಗೆ ಹೋಗಿ ನೋಡಿದರೆ ಅವರಿಬ್ಬರೇ ಒಬ್ಬರ ತೋಳಲ್ಲಿ ಒಬ್ಬರು! ನಮ್ಮನ್ನು ಯಾರೂ ಕಾಯುತ್ತ ಕೂತಿರಲಿಲ್ಲ. ಮೊದಲು ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಆಮೇಲೆ ಸಮಾಧಾನ. ಟಾಲಿಯ ಜನರ ಪ್ರೋಟೀನೂ ಟ್ಯೂರಿಯನ್ನರಂತೆಯೇ ತಿರುಗುಮುರುಗು, ಅಂದರೆ ಊಟ ತಿಂಡಿಯೂ ಹೊಂದುತ್ತದೆ. ಅಕ್ಕ ಕೂತು ಜಾತಕ ನೋಡಿದ್ದರೂ ಇದಕ್ಕಿಂತ ಒಳ್ಳೆಯ ಜೋಡಿ ಕೂಡಿಸುತ್ತಿರಲಿಲ್ಲ.

ಸಣ್ಣವರಿಗೆ ಪ್ರೀತಿಸುವ ಹಕ್ಕು ಕೊಡುವುದು ಗೇಮು ಮಾಡುವವರು ಕಂಡುಹಿಡಿದ ವಿದ್ಯೆಯೇನಲ್ಲ ಬಿಡಿ. ಬೇರೆ ಯಾರಾದರೂ ಬರೆದಿದ್ದರೆ ಒಡೆಯರ ಓಲೆ ಮುಟ್ಟಿಸಿ ಕಥೆಯಿಂದ ಮರೆಯಾಗಬಹುದಾಗಿದ್ದ ನಾಯಿಗುತ್ತಿಯನ್ನು ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ತಿಮ್ಮಿಗಾಗಿ ಕಾಡು ಹೊಳೆ ದಾಟಿಸಿದ್ದಾರೆ. ಅವನ ನಾಯಿ ಹುಲಿಯನನ್ನು ಓದುಗರು ಇವತ್ತಿಗೂ ಮರೆತಿಲ್ಲ. ಶೇನ್‌ಗೆ ಕೋಳಿ, ಗುತ್ತಿಗೆ ನಾಯಿ.

ಕೊನೆಗೆ ನಾನು ಶೇನ್‌ನನ್ನೇ ಮದುವೆಯಾದೆ. ಅಕ್ಕ ಅಕ್ಷತೆ ಹಾಕಲು ಒಪ್ಪಿದ್ದು ಜ್ಯಾಸ್‌ಳ ಮುಖ ನೋಡಿ. ತೋಟದ ಮನೆಯಲ್ಲಿ ಅವನಿಗೊಂದು ಕೋಣೆ ಸಿಕ್ಕಿತು, ಸಿಕ್ಕಿದ್ದೇ ತಡ ಅದನ್ನು ಅತ್ತೆಯ ಮನೆಯ ಕೋಣೆಯಷ್ಟೇ ಗಲೀಜು ಮಾಡಿಟ್ಟ. ಮದುವೆಯಾದ ಮೇಲೂ ಇವನು ಸುಧಾರಿಸಲಿಲ್ಲವಲ್ಲ ಎಂದು ಆಡುವವರಲ್ಲಿ ಕೆಲವರಿಗೆ ಬೇಸರವಿದೆಯಂತೆ. ಮೂವತ್ತು ವರ್ಷ ಸಂಸಾರ ಮಾಡಿದ ನನಗೆ ಇಡೀ ಗೇಮಿನಲ್ಲಿ ಅತ್ಯಂತ ನಂಬಲರ್ಹವಾಗಿ ಕಂಡದ್ದು ಆ ಕೋಣೆಯೇ.

ಅಕ್ಕನ ಚಿಂತೆ ಈಗ ಬೇರೆ ಕಡೆ ತಿರುಗಿದೆ. ಶೇನ್ ಜೊತೆಗೇ ಪಟ್ಟಿಗೆ ಸೇರಿದ ಎಮಿಲಿಯನ್ನು ಊರಿನ ಕಮ್ಮಾರ ಕ್ಲಿಂಟ್ ಮೊದಲಿನಿಂದಲೂ ಮನಸ್ಸಿನಲ್ಲೇ ಪ್ರೀತಿಸುತ್ತಿದ್ದಾನೆ. ಸಂಜೆ ಕುಲುಮೆ ಆರಿಸಿ ಸಲೂನಿಗೆ ಬಂದು ನಿಲ್ಲುತ್ತಾನೆ, ಅವಳನ್ನು ನೋಡುತ್ತಾನೆ, ಹೇಳಬೇಕಾದದ್ದನ್ನು ಹೇಳದೆ ಮನೆಗೆ ಹೋಗುತ್ತಾನೆ. ಎಮಿಲಿಗೇನೋ ಅಪ್‌ಡೇಟು ಬಂತು, ಯಾವ ರೈತ ಬೇಕಾದರೂ ಹೂಗುಚ್ಛ ಹಿಡಿದು ಬರಬಹುದು. ಕ್ಲಿಂಟ್ ಮಾತ್ರ ನಿಂತಲ್ಲೇ ನಿಂತಿದ್ದಾನೆ.

“ಸ್ವಂತ ಕಸುಬು ಇದೆ, ಸ್ವಂತ ಮನೆ ಇದೆ. ಸ್ವಲ್ಪ ಮಾತು ಕಡಿಮೆ, ಅದೇನು ದೋಷ ಅಲ್ಲ. ಅವನಿಗೊಂದು ಹೆಣ್ಣು ನೋಡಬಾರದೇನೇ?” ಎಂದು ಅಕ್ಕ ಮೊನ್ನೆ ಫೋನಿನಲ್ಲಿ ಮಗಳನ್ನು ಕೇಳಿದಳು.

“ದೊಡ್ಡಮ್ಮಾ, ಅವನು ಮದುವೆ ಪಟ್ಟಿಲೇ ಇಲ್ಲ.”

“ಆ ಕುಡುಕನೂ ಇರಲಿಲ್ಲ ಅಂದ್ಯಲ್ಲೇ. ಯಾರಿಗೆ ಬರೀಬೇಕು ಹೇಳು, ನಾನು ಬರೀತೀನಿ.”